ತುಟ್ಟಿ ಇಂಜೆಕ್ಷನ್ನೇ ಮದ್ದಲ್ಲ

ಬೆಳೆಗೆ ಹೊಡೆಯುವ ಎಣ್ಣೆಯ ವಿಷವೇರಿದ ರೋಗಿ ಐಸಿಯು ಸೇರಿದ ಕೂಡಲೇ ಮನೆಯವರು ಕೇಳುವುದು ಒಂದೇ: ‘ಪ್ಯಾಮ್ ಹಾಕಿದ್ರಾ?’ ಪ್ರಾಲಿಡಾಕ್ಸಿಮ್ ಎಂಬ ಆ ಮದ್ದಿಗೆ ಬಂಗಾರ ಒತ್ತೆ ಇಡಲೂ ಜನ ತಯಾರು.

ಜತ್ತ, ಅಕ್ಕಲಕೋಟೆಯ ರೈತರಿಗೆ ಬಾರಾಮತಿ ಹೊಸ ಊರಲ್ಲ. ಅಲ್ಲಿ 200 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಪ್ಯಾಮನ್ನು 48 ತಾಸು ಎಡೆಬಿಡದೆ ಕೊಟ್ಟ ನೂರು ಜನರಲ್ಲಿ ಸತ್ತವರು ಒಬ್ಬರು. ಬಿಟ್ಟು ಬಿಟ್ಟು ಕೊಟ್ಟ ನೂರರಲ್ಲಿ ಎಂಟು. ಮದ್ದು ಸಿಕ್ಕಿತು ಅನ್ನುವಷ್ಟರಲ್ಲಿ 2009ರಲ್ಲಿ ಶ್ರೀಲಂಕಾದ ಲೆಕ್ಕ ಬಂತು. ಪ್ಯಾಮ್ ಪಡೆದ 121 ಜನರಲ್ಲಿ 30 ಸಾವು, ಬರೀ ಸಲೈನ್ ಪಡೆದ 114ರಲ್ಲಿ 18! ಇಷ್ಟು ಸಣ್ಣ ಸಂಖ್ಯೆಯಿಂದ ಮದ್ದೇ ಕೊಂದಿತು ಎನ್ನಲಾಗದು. ಉಳಿಸಿತು ಎನ್ನಲೂ ಬರುವುದಿಲ್ಲ.

ಬಾರಾಮತಿಯಲ್ಲಿ ರೋಗಿಗಳು ಬೇಗ ಬಂದಿದ್ದರು, ಐಸಿಯು ನಿಗಾ ಚೆನ್ನಾಗಿತ್ತು. ಎಣ್ಣೆಗಳೂ ಎಲ್ಲಾ ಒಂದೇ ಅಲ್ಲ.

ಬೀಜ ಕೊಳ್ಳುವಾಗ ‘ಯಾವ ಮಣ್ಣಲ್ಲಿ ಬೆಳೆದು ನೋಡಿದ್ದೀರಿ?’ ಅಂತ ಕೇಳೋ ನಾವು ಇಲ್ಲೂ ಕೇಳಬೇಕು. ಜಗಳ ಬಿಡಿಸಲು ದೊಡ್ಡ ಪ್ರಯೋಗ ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲೇ ನಡೆಯಲಿ. ಒಪ್ಪಿಗೆ ಪತ್ರ ಮನೆಯವರು ಓದಬಲ್ಲ ಭಾಷೆಯಲ್ಲಿರಲಿ, ಅದು ಕನ್ನಡವಾದರೆ ಕನ್ನಡದಲ್ಲೇ.

ಅಟ್ರೋಪಿನ್ ತಡವಿಲ್ಲದೆ ಸಿಗಬೇಕು, ಉಸಿರಿಗೆ ಯಂತ್ರದ ಆಸರೆ ಬೇಕು: ಇದರಲ್ಲಿ ಡಾಕ್ಟರುಗಳಿಗೆ ತಕರಾರಿಲ್ಲ. ಪ್ಯಾಮ್ ಹುಡುಕಿ ಊರೂರು ಅಲೆಯಬೇಡಿ. ರೋಗಿಯ ಜೊತೆ ಎಣ್ಣೆಯ ಡಬ್ಬಿಯನ್ನೂ ತನ್ನಿ, ಅದರ ಹೆಸರು ಡಾಕ್ಟರಿಗೆ ಮೊದಲು ಬೇಕು.