ವಿಚ್ಛೇದನದ ವ್ಯಾಜ್ಯ: ಖರ್ಚಿನ ಆದೇಶಕ್ಕೆ ಮೇಲ್ಮನವಿ ಉಂಟೇ?

ವಿಚ್ಛೇದನದ ದಾವೆ ಹೂಡುವುದಕ್ಕೆ ಹಣ ಬೇಕು. ಅದನ್ನು ಎದುರಿಸುವುದಕ್ಕೂ ಬೇಕು. ದಂಪತಿಯಲ್ಲಿ ಒಬ್ಬರ ಕೈಯಲ್ಲಿ ಕಾಸಿಲ್ಲದಿದ್ದರೆ ವಿಚಾರಣೆ ಆರಂಭವಾಗುವ ಮೊದಲೇ ತಕ್ಕಡಿ ಒಂದು ಕಡೆಗೆ ವಾಲಿರುತ್ತದೆ. ಇದನ್ನು ಸರಿದೂಗಿಸಲೆಂದೇ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ 24ನೇ ಕಲಮು ಇದೆ. ಸ್ವಂತ ಆದಾಯ ಸಾಲದ ಪತ್ನಿಗೆ ಅಥವಾ ಪತಿಗೆ ಮಧ್ಯಂತರ ಜೀವನಾಂಶವನ್ನೂ ದಾವೆಯ ಖರ್ಚನ್ನೂ ಎದುರು ಪಕ್ಷದಿಂದ ಕೊಡಿಸುವ ಅಧಿಕಾರವನ್ನು ಅದು ನ್ಯಾಯಾಲಯಕ್ಕೆ ನೀಡಿದೆ. ನೋಟಿಸು ಜಾರಿಯಾದ 60 ದಿನಗಳೊಳಗೆ ಸಾಧ್ಯವಾದ ಮಟ್ಟಿಗೆ ಇಂಥ ಅರ್ಜಿ ಇತ್ಯರ್ಥವಾಗಬೇಕೆಂದು 2001ರ ತಿದ್ದುಪಡಿ ಹೇಳಿದೆ.

ಆದೇಶ ಹೊರಬಿದ್ದೊಡನೆ ಕೊಡಬೇಕಾದವರಿಗೆ ಅದು ಹೆಚ್ಚೆನಿಸುತ್ತದೆ, ಪಡೆಯಬೇಕಾದವರಿಗೆ ಕಡಿಮೆಯೆನಿಸುತ್ತದೆ. ಆಗ ಏಳುವ ಪ್ರಶ್ನೆಯೇ ಮೇಲ್ಮನವಿಯದು.

ಕಾಯ್ದೆಯ 28ನೇ ಕಲಮು ಇದಕ್ಕೆ ಗೆರೆ ಎಳೆದಿದೆ. ಡಿಕ್ರಿಯ ವಿರುದ್ಧ ಮೇಲ್ಮನವಿ ಉಂಟು. ಶಾಶ್ವತ ಜೀವನಾಂಶ ಹಾಗೂ ಮಕ್ಕಳ ಪಾಲನೆಯ ಆದೇಶಗಳ ವಿರುದ್ಧವೂ ಉಂಟು. ಆದರೆ ಅವು ಮಧ್ಯಂತರ ಆದೇಶಗಳಾಗಿರಬಾರದು. ವೆಚ್ಚವೊಂದನ್ನೇ ಪ್ರಶ್ನಿಸುವ ಮೇಲ್ಮನವಿಗೆ ಅವಕಾಶವೇ ಇಲ್ಲ. 1976ರ ತಿದ್ದುಪಡಿ ರೂಪಿಸಿದ ಈ ಪಟ್ಟಿಯಲ್ಲಿ 24ನೇ ಕಲಮಿನ ಹೆಸರಿಲ್ಲ.

ಗೊಂದಲ ತಂದದ್ದು 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ. ಮಧ್ಯಂತರ ಸ್ವರೂಪದ್ದಲ್ಲದ ಪ್ರತಿಯೊಂದು ಆದೇಶದ ವಿರುದ್ಧವೂ ಹೈಕೋರ್ಟಿಗೆ ಹೋಗಬಹುದೆಂದು ಅದರ 19ನೇ ಕಲಮು ಹೇಳುತ್ತದೆ. ಹಾಗಾದರೆ ಖರ್ಚಿನ ಆದೇಶ ಮಧ್ಯಂತರವೇ, ಅಲ್ಲವೇ? ಅದು ಪಕ್ಷಗಾರರ ಹಕ್ಕನ್ನೇ ತೀರ್ಮಾನಿಸುವುದರಿಂದ ಮೇಲ್ಮನವಿಗೆ ಅರ್ಹವೆಂದು 2012ರಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಅಭಿಪ್ರಾಯಪಟ್ಟಿತು. ಎಲ್ಲ ಹೈಕೋರ್ಟುಗಳೂ ಈ ದಾರಿ ಹಿಡಿದಿಲ್ಲ. ಕರ್ನಾಟಕದಲ್ಲಿ ಇಂಥ ಆದೇಶಗಳನ್ನು ಸಾಮಾನ್ಯವಾಗಿ ಸಂವಿಧಾನದ 227ನೇ ವಿಧಿಯಡಿ ರಿಟ್ ಅರ್ಜಿಯ ಮೂಲಕ ಪ್ರಶ್ನಿಸಲಾಗುತ್ತದೆ.

ಈ ವ್ಯತ್ಯಾಸ ಬರೀ ತಾಂತ್ರಿಕವಲ್ಲ. ಮೇಲ್ಮನವಿಯಲ್ಲಿ ಸಾಕ್ಷ್ಯ, ಲೆಕ್ಕಾಚಾರಗಳೆಲ್ಲ ಮರುಪರಿಶೀಲನೆಗೆ ಒಳಗಾಗುತ್ತವೆ. ರಿಟ್ ಅರ್ಜಿಯಲ್ಲಿ ಹೈಕೋರ್ಟು ಅಧಿಕಾರವ್ಯಾಪ್ತಿ ಮೀರಿದೆಯೇ, ಕಣ್ಣಿಗೆ ಹೊಡೆಯುವ ಲೋಪವಿದೆಯೇ ಎಂಬುದನ್ನಷ್ಟೇ ನೋಡುತ್ತದೆ. ಹೀಗಾಗಿ ಮೊತ್ತದ ನಿಜವಾದ ಹೋರಾಟ ಕೆಳ ನ್ಯಾಯಾಲಯದಲ್ಲೇ ನಡೆಯಬೇಕು. ಉಭಯ ಪಕ್ಷಗಳೂ ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ ಸಲ್ಲಿಸಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು 2020ರ ನವೆಂಬರ್‌ನಲ್ಲಿ ವಿಧಿಸಿದ್ದು ಈ ದೃಷ್ಟಿಯಿಂದ ಮಹತ್ವದ್ದು. ಆ ಪ್ರಮಾಣಪತ್ರದಲ್ಲಿ ಸಂಬಳವನ್ನೋ ಬಾಡಿಗೆಯನ್ನೋ ಬಚ್ಚಿಟ್ಟವರಿಗೆ ಮೇಲಿನ ನ್ಯಾಯಾಲಯದಲ್ಲಿ ಕರುಣೆ ಸಿಗುವುದು ಕಷ್ಟ.

ಬೇರೆ ಕಾನೂನುಗಳಡಿ ಹಾದಿಯೂ ಬೇರೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, ಅಂದರೆ 2024ರ ಜುಲೈನಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಕೌಟುಂಬಿಕ ನ್ಯಾಯಾಲಯ ನೀಡುವ ಆದೇಶಕ್ಕೆ ಮೇಲ್ಮನವಿಯಿಲ್ಲ; ಹೈಕೋರ್ಟಿನಲ್ಲಿ ಪುನರ್‌ಪರಿಶೀಲನಾ ಅರ್ಜಿ ಮಾತ್ರ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಆದೇಶವನ್ನು 30 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಇನ್ನು ಉಭಯ ಪಕ್ಷಗಳು ಒಪ್ಪಿ ಪಡೆದ ಆದೇಶಕ್ಕೆ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಡಿ ಮೇಲ್ಮನವಿಯೇ ಇಲ್ಲವಾದ್ದರಿಂದ ಸಹಿಗೆ ಮುನ್ನ ಯೋಚಿಸುವುದು ಲೇಸು.

ಮೇಲಿನ ನ್ಯಾಯಾಲಯದ ಮೆಟ್ಟಿಲೇರಿದ ಮಾತ್ರಕ್ಕೆ ಪಾವತಿ ನಿಲ್ಲುವುದಿಲ್ಲ. ತಡೆಯಾಜ್ಞೆ ದೊರೆಯುವವರೆಗೆ ಬಾಕಿ ಬೆಳೆಯುತ್ತಲೇ ಇರುತ್ತದೆ.

ಖರ್ಚಿನ ಪ್ರತಿಯೊಂದು ಆದೇಶಕ್ಕೂ ಮೇಲ್ಮನವಿಯ ಬಾಗಿಲು ತೆರೆದಿಟ್ಟರೆ ಹಣವುಳ್ಳವರು ಅದನ್ನೇ ಕಾಲಹರಣದ ಸಾಧನವಾಗಿಸಿಕೊಳ್ಳುತ್ತಾರೆ; ಪೂರ್ತಿ ಮುಚ್ಚಿದರೆ ತಪ್ಪು ಆದೇಶ ತಿದ್ದುಪಡಿಯಿಲ್ಲದೆ ಉಳಿಯುತ್ತದೆ. ಶಾಸಕಾಂಗ ಈ ಎರಡರ ನಡುವೆ ಹಾದಿ ಹುಡುಕಿತು. ಆದರೆ ಒಂದೇ ಕಲಮಿಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ಹಾದಿ ಇರುವುದು ಸಲ್ಲದು. ಮನೆ ಬಾಡಿಗೆ, ಮಗುವಿನ ಶಾಲಾ ಶುಲ್ಕಕ್ಕಾಗಿ ಆ ಹಣವನ್ನೇ ಕಾಯುತ್ತಿರುವವರಿಗೆ, ಯಾವ ನ್ಯಾಯಾಲಯಕ್ಕೆ ಹೋಗಬೇಕೆಂಬ ಜಿಜ್ಞಾಸೆಯಲ್ಲಿ ಕಳೆಯುವ ತಿಂಗಳುಗಳೇ ದೊಡ್ಡ ಅನ್ಯಾಯ.