ದಾಖಲೆ ಓದಿಕೊಡುವ ಮಧ್ಯವರ್ತಿಗಳು

ಜೂನ್ ತಿಂಗಳು ಬಂತೆಂದರೆ ಔರಾದ್, ಭಾಲ್ಕಿಗಳ ಝೆರಾಕ್ಸ್ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಾಲೇಜು ಸೇರುವ ಮಕ್ಕಳಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ, 371-ಜೆ ಅರ್ಹತಾ ಪತ್ರ, ಆಧಾರ್ ಪ್ರತಿ ಬೇಕು. ಅವರ ತಂದೆಯರಿಗೆ ಬೆಳೆ ಸಾಲಕ್ಕಾಗಿ ಪಹಣಿ ಬೇಕು. ಇವುಗಳಲ್ಲಿ ಬಹುಪಾಲು ಈಗ ಪಿಡಿಎಫ್ ಕಡತದ ರೂಪದಲ್ಲಿ ಗಣಕಯಂತ್ರಕ್ಕೆ ಇಳಿಯುತ್ತವೆ. ಅಂಗಡಿಯ ಹುಡುಗ ಒಂದು ಗುಂಡಿ ಒತ್ತುತ್ತಾನೆ, ಕಡತ ತೆರೆದುಕೊಳ್ಳುತ್ತದೆ, ಪ್ರಿಂಟ್ ಹೊರಬರುತ್ತದೆ. ಆದರೆ ಆ ಕಡತವನ್ನು ತೆರೆದದ್ದು ಯಾರು? ಬ್ರೌಸರೇ ತೆರೆಯಿತೆ, ಅಥವಾ ಅದರೊಳಗೆ ಯಾರೋ ಎಂದೋ ಸೇರಿಸಿಟ್ಟ ಇನ್ನೊಂದು ತಂತ್ರಾಂಶವೆ? ಈ ಪ್ರಶ್ನೆಯನ್ನು ಕೇಳುವವರು ಬಹಳ ಕಡಿಮೆ.

ದಾಖಲೆಯನ್ನು ಬೇರೆಯವರಿಂದ ಓದಿಸಿಕೊಳ್ಳುವುದು ಬೀದರ ಸೀಮೆಗೆ ಹೊಸದೇನಲ್ಲ. ನಿಜಾಮರ ಆಳ್ವಿಕೆಯಲ್ಲಿ ಉರ್ದು ಆಡಳಿತ ಭಾಷೆಯಾಗಿತ್ತು. 1956ರಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಹಳೆಯ ಕಾಗದಗಳು ಮಾತ್ರ ಉರ್ದುವಿನಲ್ಲೇ ಉಳಿದವು. ಹೊಲದ ಕಾಗದ ಓದಲು ಉರ್ದು ಬಲ್ಲವರ ಬಳಿಗೇ ಹೋಗಬೇಕು. ಓದಿಕೊಟ್ಟವನಿಗೆ ಹೊಲ ಎಷ್ಟು, ಪಾಲುದಾರರು ಯಾರು, ಸಾಲ ಎಷ್ಟು ಎಂಬುದೆಲ್ಲ ತಿಳಿಯುತ್ತಿತ್ತು. ಆದ್ದರಿಂದಲೇ ಹಿರಿಯರು ಅಂಥ ಕಾಗದವನ್ನು ಸಿಕ್ಕಸಿಕ್ಕವರ ಕೈಗೆ ಕೊಡುತ್ತಿರಲಿಲ್ಲ.

ಬ್ರೌಸರಿನ ಆಡ್-ಆನ್ ಅಥವಾ ಎಕ್ಸ್‌ಟೆನ್ಶನ್ ಎಂಬುದೂ ಇಂಥ ಓದುಗನೇ. ಬ್ರೌಸರಿಗೆ ತಾನಾಗಿ ಬಾರದ ಕೆಲಸವನ್ನು ಮಾಡಿಸಲು ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶ ಅದು. ಒಂದು ಕಾಲಕ್ಕೆ ಇದು ಅನಿವಾರ್ಯವಾಗಿತ್ತು. ಅಡೋಬಿ ಕಂಪನಿ 1993ರಲ್ಲಿ ಪಿಡಿಎಫ್ ಅನ್ನು ಹೊರತಂದಾಗ ಬ್ರೌಸರುಗಳಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಪ್ಲಗ್-ಇನ್ ಎಂಬ ಬೇರೆ ಭಾಗವನ್ನು ಜೋಡಿಸಬೇಕಾಗಿತ್ತು. ಈ ಪ್ಲಗ್-ಇನ್‌ಗಳಿಗೆ ಯಂತ್ರದಲ್ಲಿ ಮನೆಯ ಮಗನಷ್ಟೇ ಸ್ವಾತಂತ್ರ್ಯ. ಅವುಗಳಲ್ಲಿ ಒಂದು ದೋಷವಿದ್ದರೆ ಸಾಕು, ದುರುದ್ದೇಶದ ಕಡತವೊಂದು ಇಡೀ ಯಂತ್ರವನ್ನೇ ವಶಪಡಿಸಿಕೊಳ್ಳಬಹುದಿತ್ತು. ಹೀಗಾಗಿ ಬ್ರೌಸರ್ ತಯಾರಕರು ಓದುವ ಕೆಲಸವನ್ನು ತಾವೇ ವಹಿಸಿಕೊಂಡರು. ಕ್ರೋಮ್ 2010ರಲ್ಲಿ, ಫೈರ್‌ಫಾಕ್ಸ್ 2013ರಲ್ಲಿ ತಮ್ಮದೇ ಪಿಡಿಎಫ್ ವೀಕ್ಷಕವನ್ನು ಒಳಗೊಂಡವು. 2015ರಲ್ಲಿ ಕ್ರೋಮ್ ಹಳೆಯ ಪ್ಲಗ್-ಇನ್ ಪದ್ಧತಿಯನ್ನೇ ಕೈಬಿಟ್ಟಿತು. ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದವನ್ನು ಫೈರ್‌ಫಾಕ್ಸ್ 2017ರಲ್ಲಿ ಹೊರಹಾಕಿತು.

ಅಂದರೆ ಪಹಣಿಯನ್ನೋ ಪ್ರಮಾಣಪತ್ರವನ್ನೋ ಬರಿದೆ ನೋಡಲು, ಪ್ರಿಂಟ್ ತೆಗೆಯಲು ಇಂದು ಯಾವ ಆಡ್-ಆನ್ ಕೂಡ ಬೇಕಿಲ್ಲ. ಆದರೂ 'ಪಿಡಿಎಫ್' ಎಂಬ ಹೆಸರಿನ ಮೂರು ನಾಲ್ಕು ಆಡ್-ಆನ್‌ಗಳು ಒಂದೇ ಬ್ರೌಸರಿನಲ್ಲಿ ಕುಳಿತಿರುವುದು ಅಪರೂಪವಲ್ಲ. ಒಂದು ಕಡತಗಳನ್ನು ಜೋಡಿಸಲು, ಇನ್ನೊಂದು ಗಾತ್ರ ಕುಗ್ಗಿಸಲು, ಮತ್ತೊಂದು ಏತಕ್ಕೆಂದು ಹಾಕಿದವರಿಗೂ ನೆನಪಿಲ್ಲ.

ಹೆದರಿಕೆ ಇರುವುದು ಅನುಮತಿಯಲ್ಲಿ. ಆಡ್-ಆನ್ ಹಾಕಿಕೊಳ್ಳುವಾಗ ಒಂದು ಚಿಕ್ಕ ಚೌಕಟ್ಟು ಮೂಡುತ್ತದೆ. ನೋಡುವ ಎಲ್ಲ ಜಾಲತಾಣಗಳಲ್ಲಿನ ಎಲ್ಲ ಮಾಹಿತಿಯನ್ನು ಓದಲು ಮತ್ತು ಬದಲಿಸಲು ಇದಕ್ಕೆ ಅಧಿಕಾರ ಕೊಡುವಿರಾ ಎಂದು ಅದರಲ್ಲಿ ಕೇಳಿರುತ್ತದೆ. ಜನ ಓದದೆ ಒಪ್ಪಿಗೆ ಒತ್ತುತ್ತಾರೆ. 'ಎಲ್ಲ' ಎಂದರೆ ನಿಜವಾಗಿಯೂ ಎಲ್ಲ: ಬ್ಯಾಂಕಿನ ಪುಟ, ಭೂದಾಖಲೆಯ ಪುಟ, ಮಿಂಚಂಚೆ. 'ಬದಲಿಸಲು' ಎಂಬ ಪದ ಇನ್ನೂ ಗಂಭೀರವಾದದ್ದು. ಪರದೆಯ ಮೇಲೆ ಕಾಣುವುದನ್ನೇ ಅದು ತಿದ್ದಬಲ್ಲದು.

ಇದು ಕಲ್ಪನೆಯ ಭಯವಲ್ಲ. ಕ್ರೋಮ್‌ನ ಅಧಿಕೃತ ಮಳಿಗೆಯಲ್ಲಿ 'ಪಿಡಿಎಫ್ ಟೂಲ್‌ಬಾಕ್ಸ್' ಎಂಬ ಆಡ್-ಆನ್ ಇತ್ತು. ಅದರ ಬಳಕೆದಾರರು 20 ಲಕ್ಷಕ್ಕೂ ಹೆಚ್ಚು. 2023ರ ಮೇ ತಿಂಗಳಲ್ಲಿ ವ್ಲಾದಿಮಿರ್ ಪಲಾಂಟ್ ಎಂಬ ತಂತ್ರಜ್ಞರು ಅದರ ಒಡಲನ್ನು ಬಿಚ್ಚಿ ನೋಡಿದರು. ಬಳಕೆದಾರರು ತೆರೆಯುವ ಯಾವುದೇ ಜಾಲತಾಣದೊಳಕ್ಕೆ ಹೊರಗಿನಿಂದ ತನಗೆ ಬೇಕಾದ ಆಜ್ಞೆಗಳನ್ನು ತೂರಿಸುವ ವ್ಯವಸ್ಥೆ ಅದರಲ್ಲಿ ಅಡಗಿತ್ತು. ಅದೇ ಜಾತಿಯ ಇನ್ನಷ್ಟು ಆಡ್-ಆನ್‌ಗಳೂ ಬೆಳಕಿಗೆ ಬಂದವು. ಗೂಗಲ್ ಅವುಗಳನ್ನು ಮಳಿಗೆಯಿಂದ ತೆಗೆದುಹಾಕಿತು. ಅಧಿಕೃತ ಮಳಿಗೆಯಲ್ಲಿದೆ, ಲಕ್ಷಾಂತರ ಜನ ಬಳಸುತ್ತಾರೆ ಎಂಬ ಎರಡು ಸಮಾಧಾನಗಳೂ ಇಲ್ಲಿ ಕೈಕೊಟ್ಟವು. ಇನ್ನೊಂದು ಮಾತು: ಆಡ್-ಆನ್‌ಗಳು ಸದ್ದಿಲ್ಲದೆ ತಾವೇ ಪರಿಷ್ಕರಣೆಗೊಳ್ಳುತ್ತವೆ. ಇಂದು ಸಾಧುವಾಗಿರುವುದನ್ನು ನಾಳೆ ಬೇರೆಯವರು ಕೊಂಡುಕೊಂಡರೆ ಅದರ ಸ್ವಭಾವ ಬದಲಾದೀತು.

ಹಾಗಾದರೆ ಜನ ಇವನ್ನು ಹುಡುಕಿಕೊಂಡು ಹೋಗುವುದೇಕೆ? ಎರಡು ತೊಡಕುಗಳು ಮುಖ್ಯ ಕಾರಣ.

ಮೊದಲನೆಯದು ಸಹಿಯದು. ಡಿಜಿಟಲ್ ಸಹಿ ಇರುವ ಪ್ರಮಾಣಪತ್ರವನ್ನೋ ಆಧಾರ್ ಕಡತವನ್ನೋ ಬ್ರೌಸರಿನಲ್ಲಿ ತೆರೆದಾಗ ಸಹಿಯ ಜಾಗದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಾಣಿಸಬಹುದು, ಸಹಿ ಪರಿಶೀಲನೆಯಾಗಿಲ್ಲ ಎಂಬ ಬರಹವೂ ಇರಬಹುದು. "ಇದು ಖೋಟಾ ಅದಾ ಏನ್ರೀ?" ಎಂದು ಹಳ್ಳಿಯಿಂದ ಬಂದವರು ಗಾಬರಿಯಾಗುತ್ತಾರೆ. ಖೋಟಾ ಅಲ್ಲ. ಕ್ರೋಮ್‌ನ ವೀಕ್ಷಕ ಸಹಿಯ ಚಿತ್ರವನ್ನು ತೋರಿಸುತ್ತದೆಯೇ ಹೊರತು ಅದನ್ನು ಪರೀಕ್ಷಿಸುವುದಿಲ್ಲ. ಪರೀಕ್ಷೆಗೆ ಗಣಕದಲ್ಲಿ ಅಡೋಬಿ ಅಕ್ರೋಬ್ಯಾಟ್ ರೀಡರ್‌ನಂಥ ಪೂರ್ಣ ತಂತ್ರಾಂಶ ಬೇಕು. ಅದಕ್ಕೂ ಭಾರತದ ಮೂಲ ಪ್ರಮಾಣಪತ್ರ ನಂಬಿಕೆಗೆ ಅರ್ಹವೆಂದು ಒಮ್ಮೆ ತಿಳಿಸಬೇಕಾಗಬಹುದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ನೇಮಕವಾದ ಸಿ.ಸಿ.ಎ. ಎಂಬ ನಿಯಂತ್ರಕರಿಂದ ಆ ಸರಪಳಿ ಆರಂಭವಾಗುತ್ತದೆ. ಸಹಿಯ ವಿವರದಲ್ಲಿ 'ಸಿಸಿಎ ಇಂಡಿಯಾ' ಎಂಬ ಹೆಸರು ಮೂಲದಲ್ಲಿ ಇದೆಯೇ ಎಂದು ನೋಡಿಯೇ ಒಪ್ಪಿಗೆ ಕೊಡಬೇಕು. ಬಳಿಕ ಪ್ರಶ್ನಾರ್ಥಕದ ಜಾಗಕ್ಕೆ ಹಸಿರು ಗುರುತು ಬರುತ್ತದೆ.

ಇಲ್ಲೇ ದೊಡ್ಡ ಪ್ರಮಾದವೊಂದು ನಡೆಯುತ್ತದೆ. ಅರ್ಜಿಯ ಜಾಲತಾಣ ಕಡತದ ಗಾತ್ರಕ್ಕೆ ಮಿತಿ ಹಾಕಿರುತ್ತದೆ. ಸಹಿಯಿರುವ ಪ್ರಮಾಣಪತ್ರವನ್ನು ಯಾವುದೋ ಆಡ್-ಆನ್‌ನಿಂದ ಕುಗ್ಗಿಸುತ್ತಾರೆ, ಇಲ್ಲವೆ ಬೇರೆ ಪುಟಗಳೊಂದಿಗೆ ಜೋಡಿಸುತ್ತಾರೆ. ಡಿಜಿಟಲ್ ಸಹಿ ಎಂಬುದು ಶಾಯಿಯ ಗುರುತಲ್ಲ. ಕಡತದ ಪ್ರತಿಯೊಂದು ಅಂಶವನ್ನು ಲೆಕ್ಕಹಾಕಿ ಪಡೆದ ಮುದ್ರೆ. ಕಡತ ಹೊಸದಾಗಿ ಬರೆಯಲ್ಪಟ್ಟರೆ ಆ ಲೆಕ್ಕ ತಪ್ಪುತ್ತದೆ. ಕಣ್ಣಿಗೆ ಪತ್ರ ಹಾಗೆಯೇ ಕಾಣುತ್ತದೆ, ಸಹಿ ಮಾತ್ರ ಸತ್ತಿರುತ್ತದೆ. ಆದ್ದರಿಂದ ಇಳಿಸಿಕೊಂಡ ಮೂಲ ಕಡತವನ್ನು ಮುಟ್ಟದೆ ಬೇರೆ ಇಟ್ಟುಕೊಂಡು, ಕುಗ್ಗಿಸುವುದೇನಿದ್ದರೂ ಅದರ ಪ್ರತಿಯಲ್ಲಿ ಮಾಡುವುದು ಲೇಸು.

ಎರಡನೆಯ ತೊಡಕು ಕನ್ನಡ ಅಕ್ಷರಗಳದು. ಯೂನಿಕೋಡ್ ಬಳಕೆಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಸಿದ್ಧವಾದ ಹಳೆಯ ಕಡತಗಳು ಕೆಲವೊಮ್ಮೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫಾಂಟನ್ನು ಕಡತದೊಳಗೆ ಸೇರಿಸದೆ ಬಿಟ್ಟದ್ದು ಇದಕ್ಕೆ ಕಾರಣ. ಆಡ್-ಆನ್ ಬದಲಿಸುತ್ತ ಹೋದರೆ ಇದು ಸರಿಹೋಗುವುದಿಲ್ಲ. ಆ ಫಾಂಟನ್ನು ಯಂತ್ರಕ್ಕೆ ಹಾಕಿ ನೋಡಬೇಕು, ಇಲ್ಲವೆ ಕೊಟ್ಟ ಕಚೇರಿಯಿಂದಲೇ ಬೇರೆ ಪ್ರತಿ ಪಡೆಯಬೇಕು.

ಬ್ರೌಸರನ್ನು ಹಸನುಗೊಳಿಸುವುದು ಹತ್ತು ನಿಮಿಷದ ಕೆಲಸ. ಕ್ರೋಮ್‌ನಲ್ಲಿ ಬಲಮೇಲಿನ ಮೂರು ಚುಕ್ಕೆಗಳನ್ನು ಒತ್ತಿ 'ಎಕ್ಸ್‌ಟೆನ್ಶನ್ಸ್', ಆಮೇಲೆ 'ಮ್ಯಾನೇಜ್ ಎಕ್ಸ್‌ಟೆನ್ಶನ್ಸ್' ತೆರೆದರೆ ಪೂರ್ತಿ ಪಟ್ಟಿ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಬಲಮೇಲಿನ ಮೂರು ಗೆರೆಗಳ ಪಟ್ಟಿಯಿಂದ ಇಂಥದೇ ಪುಟಕ್ಕೆ ಹೋಗಬಹುದು. ಉಪಯೋಗ ಗೊತ್ತಿಲ್ಲದ್ದನ್ನು 'ರಿಮೂವ್' ಮಾಡಬೇಕು. ಸಂಶಯವಿದ್ದರೆ ಮೊದಲು ಗುಂಡಿ ಸರಿಸಿ ನಿಲ್ಲಿಸಿ, ವಾರ ಕಾಲ ಕೆಲಸ ನಡೆಯುತ್ತದೆಯೇ ನೋಡಿ ಆಮೇಲೆ ತೆಗೆಯಬಹುದು. ಉಳಿಸಿಕೊಳ್ಳುವ ಒಂದೆರಡಕ್ಕೆ 'ಡೀಟೇಲ್ಸ್' ಒಳಗೆ ಹೋಗಿ, ಒತ್ತಿದಾಗ ಮಾತ್ರ ಕೆಲಸ ಮಾಡುವಂತೆ ಜಾಲತಾಣದ ಅನುಮತಿಯನ್ನು ಕಡಿಮೆ ಮಾಡಬೇಕು. ಯಂತ್ರದಲ್ಲಿ ಉಳಿಸಿಟ್ಟ ಕಡತಗಳನ್ನು ಓದುವ ಅನುಮತಿ ಅಲ್ಲಿಯೇ ಬೇರೆಯಾಗಿ ಇರುತ್ತದೆ. ತಕ್ಕ ಕಾರಣವಿಲ್ಲದೆ ಅದನ್ನು ಕೊಡಬಾರದು.

ಸ್ವಂತ ಯಂತ್ರವಿಲ್ಲದವರ ಪಾಡು ಬೇರೆ. ಅಂಗಡಿಯ ಬ್ರೌಸರಿನಲ್ಲಿ ಏನೇನಿದೆಯೋ ಗಿರಾಕಿಗೆ ತಿಳಿಯದು. ಅಂಥಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿ ಕ್ರೋಮ್‌ನ 'ಇನ್‌ಕಾಗ್ನಿಟೊ' ಕಿಟಕಿ ತೆರೆಯಲು ಹೇಳಬಹುದು. ಬೇಕೆಂದೇ ಅನುಮತಿ ಕೊಟ್ಟಿರದಿದ್ದರೆ ಆಡ್-ಆನ್‌ಗಳು ಅದರಲ್ಲಿ ಓಡುವುದಿಲ್ಲ. ಕಿಟಕಿ ಮುಚ್ಚಿದರೂ ಇಳಿಸಿಕೊಂಡ ಪಹಣಿ, ಆಧಾರ್ ಪ್ರತಿ 'ಡೌನ್‌ಲೋಡ್ಸ್' ಫೋಲ್ಡರಿನಲ್ಲಿ ಉಳಿದಿರುತ್ತದೆ. ಪ್ರಿಂಟ್ ಕೈಗೆ ಬಂದ ಮೇಲೆ, ದುಡ್ಡು ಕೊಡುವ ಮುಂಚೆ, ಅದನ್ನು ಅಲ್ಲಿಂದಲೂ 'ರೀಸೈಕಲ್ ಬಿನ್'ನಿಂದಲೂ ಅಳಿಸಲು ಅಂಗಡಿಯವನಿಗೆ ಹೇಳಬೇಕು.