ಕೋಟೆ ಯಾರದಾಯಿತು, ಹೊಲ ಯಾರದು ಹಾಳಾಯಿತು?



ಕೃಷ್ಣಾ ತುಂಗಭದ್ರೆಯರ ನಡುವಿನ ನಮ್ಮ ಸೀಮೆಯ ಮಧ್ಯಯುಗದ ಚರಿತ್ರೆಯನ್ನು ಅನೇಕರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: ಅದು ಹಿಂದೂಗಳಿಗೂ ಮುಸಲ್ಮಾನರಿಗೂ ನಡೆದ ಧರ್ಮಯುದ್ಧವಂತೆ. ನಮ್ಮ ಮಕ್ಕಳೂ ಅದನ್ನೇ ಕಲಿತು ಬರುತ್ತಾರೆ. ಇದು ನೆರೆಹೊರೆಯನ್ನು ಒಡೆಯುವ ಸುಳ್ಳು.

1520ರ ರಾಯಚೂರು ಕದನವನ್ನೇ ನೋಡಿ. ಕೃಷ್ಣದೇವರಾಯನ ಪರವಾಗಿ ಕೋಟೆಯತ್ತ ಕೋವಿ ಹಾರಿಸಿದವರಲ್ಲಿ ಕ್ರಿಸ್ತೊವಾವೊ ದೆ ಫಿಗೆರೆದೊ ಮತ್ತು ಅವನ ಪೋರ್ಚುಗೀಸ್ ಸಂಗಡಿಗರಿದ್ದರು, ಅವರು ಕ್ರೈಸ್ತರು. ಎರಡನೇ ದೇವರಾಯನ ಕಾಲದಿಂದಲೂ ವಿಜಯನಗರದ ಸೈನ್ಯದಲ್ಲಿ ಮುಸಲ್ಮಾನ ಯೋಧರಿದ್ದರು. ಹಾಗಾದರೆ ಅಲ್ಲಿ ಕಾದಿದ್ದು ಯಾವ ಧರ್ಮ? ರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ಬೇಕಾಗಿದ್ದದ್ದು ಕೋಟೆಗಳು ಮತ್ತು ಈ ನೆಲದ ಕಂದಾಯ.

ನಮ್ಮ ಮನೆಯ ಕಡೆಗೂ ಕಣ್ಣು ಹಾಯಿಸೋಣ. ಮಧ್ಯಯುಗದ ಯೂರೋಪಿನ ರೈತ ದೇವಾಲಯದ ಗಂಟೆಗೆ ಎದ್ದು, ಬೆಳೆಯ ಹತ್ತರಲ್ಲೊಂದು ಪಾಲನ್ನು ದೇವಾಲಯಕ್ಕೆ ಸಲ್ಲಿಸುತ್ತಿದ್ದ. ಅಂಥವರ ಭಕ್ತಿಯ ನೆರಳಿನಲ್ಲೇ ಶಿಲುಬೆ ಧರಿಸಿ ಜೆರುಸಲೇಮಿಗೆಂದು ಹೊರಟ ದಂಡೊಂದು, ವೆನಿಸ್ ನಗರದ ಸಾಲಕ್ಕೆ ಸಿಕ್ಕಿ, 1204ರಲ್ಲಿ ಕ್ರೈಸ್ತರದೇ ನಗರವಾದ ಕಾನ್‌ಸ್ಟಾಂಟಿನೋಪಲನ್ನು ಲೂಟಿ ಮಾಡಿತು. ಜಗದ್ಗುರು ಎರಡನೇ ಜಾನ್ ಪೌಲರು 2001ರಲ್ಲಿ ಅಥೆನ್ಸಿನಲ್ಲಿ ಆ ಪಾತಕವನ್ನು ನೆನೆದು ದುಃಖಿಸಿದರು.

‘ಹಾಗಾದರೆ ಧರ್ಮಕ್ಕೆ ಅದರಲ್ಲಿ ಪಾಲೇ ಇರಲಿಲ್ಲವೇ?’ ಎಂದು ನೀವು ಕೇಳಬಹುದು. ಇತ್ತು. ದೊರೆ ದೇವರ ಹೆಸರೆತ್ತಿದ್ದರಿಂದಲೇ ಸಾಮಾನ್ಯರು ದಂಡಿಗೆ ಸೇರಿದರು. ಗುರುಗಳು ಹರಸಿದ್ದರಿಂದಲೇ ಕತ್ತಿಗೆ ಪಾವಿತ್ರ್ಯದ ಸೋಗು ದೊರೆಯಿತು. ಆ ಹೊಣೆಯಿಂದ ಯಾಜಕವರ್ಗ ನುಣುಚಿಕೊಳ್ಳಲಾಗದು. ಅಧಿಕಾರದ ಪಕ್ಕದ ಪೀಠವನ್ನು ಬಯಸುವ ಧರ್ಮ, ಯಾವುದೇ ಆಗಿರಲಿ, ತನ್ನ ಒಡೆಯನನ್ನು ಮರೆಯುತ್ತದೆ.

ಜನರ ಬದುಕು ಹೇಳುವ ಕಥೆಯೇ ಬೇರೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲನ್ನು ನೋಡಿ. ಅಲ್ಲಿನ ಕಥೋಲಿಕ ಸಮುದಾಯ ಹದಿನಾರನೇ ಶತಮಾನದಲ್ಲಿ, ಆದಿಲ್ ಶಾಹಿ ಆಳ್ವಿಕೆಯಲ್ಲೇ ಬೇರೂರಿತು. ಅಲ್ಲಿನ ಮೊಹರಂ ಇಂದಿಗೂ ಮುಸಲ್ಮಾನರಷ್ಟೇ ಹಿಂದೂಗಳದೂ ಹಬ್ಬ. ಮಸ್ಕಿಯ ಬಂಡೆಯ ಮೇಲಂತೂ ಅಶೋಕ ಚಕ್ರವರ್ತಿ, ಧರ್ಮದ ಫಲ ದೊಡ್ಡವರಿಗೆ ಮೀಸಲಲ್ಲ, ಸಣ್ಣವರಿಗೂ ಅದು ಲಭ್ಯ ಎಂದು ಸಾವಿರಾರು ವರ್ಷಗಳ ಹಿಂದೆಯೇ ಕೊರೆಯಿಸಿದ್ದಾನೆ.

ಆದ್ದರಿಂದ ಸಿಂಧನೂರಿನ ಸಂತೆಯಲ್ಲೋ ಮನೆಯ ಜಗಲಿಯಲ್ಲೋ ಯಾರಾದರೂ ‘ನಮ್ಮವರು’, ‘ಅವರು’ ಎಂದು ಚರಿತ್ರೆ ಹೇಳತೊಡಗಿದರೆ ಸುಮ್ಮನೆ ತಲೆಯಾಡಿಸಬೇಡಿ. ಮಕ್ಕಳ ಮುಂದೆಯೇ ಕೇಳಿ: ಕೋಟೆ ಯಾರದಾಯಿತು? ಹೊಲ ಯಾರದು ಹಾಳಾಯಿತು?